ಗಣಕಯಂತ್ರವೂ ನಮ್ಮೂರಿನ ಝಕಾರವೂ

ಕನ್ನಡ ವರ್ಣಮಾಲೆಯಲ್ಲಿ ಝಕಾರದಷ್ಟು ಸುಖಜೀವಿಯಾದ ಅಕ್ಷರ ಇನ್ನೊಂದಿರಲಾರದು. ಙಕಾರ, ಞಕಾರಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವದು ಬೇಡ. ಅವು ಪಿಂಚಣಿ ಪಡೆದು ಮನೆಯಲ್ಲಿ ಕುಳಿತ ಹಿರಿಯರು. ಸೇವೆಯಲ್ಲಿದ್ದೂ ದುಡಿಯದ ಅಕ್ಷರವೆಂದರೆ ಝಕಾರವೇ. ಮಕ್ಕಳ ಪುಸ್ತಕದಲ್ಲಿ ‘ಝರಿ’ ಎಂದು ಒಮ್ಮೆ ಮುಖ ತೋರಿಸುವದು, ಕವಿಗಳು ದುಂಬಿಯನ್ನು ನೆನೆದಾಗ ‘ಝೇಂಕಾರ’ದಲ್ಲಿ ಒಮ್ಮೆ ಎದ್ದು ಬರುವದು, ಇಷ್ಟೇ ಅದರ ಕೆಲಸ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಝರಿಯ ಮಾತು ದೂರ ಉಳಿಯಿತು. ಇಲ್ಲಿ ಧಾರಾಳವಾಗಿ ಇರುವದು ಬಿಸಿಲಿನ ಝಳ. ಅದರ ಜೊತೆಗೆ ಝಳಕಿ ಎಂಬ ಊರೊಂದು ಇದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರೆಲ್ಲರೂ ಅದನ್ನು ಬಲ್ಲರು.

ಈ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವ ರೀತಿ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಕೆಲವರು ಝೆಡ್ ಅಕ್ಷರದಿಂದ, ಕೆಲವರು ಜೇ ಎಚ್ ಕೂಡಿಸಿ, ಇನ್ನು ಕೆಲವರು ಬರಿಯ ಜೇ ಹಚ್ಚಿ ಆರಂಭಿಸುವರು. ಅದಾದ ಮೇಲೆ ಳಕಾರದ ಮುಂದೆ ಎ ಅಕ್ಷರವನ್ನು ಇಡಬೇಕೋ ಬಿಡಬೇಕೋ ಎಂಬ ಭಿನ್ನಾಭಿಪ್ರಾಯ ಬೇರೆ. ಮೂರನ್ನು ಎರಡರಿಂದ ಗುಣಿಸಿದರೆ ಆರು. ಒಂದು ಊರು, ಆರು ಹೆಸರು! ಝೆಡ್ ಬಳಸುವ ಪದ್ಧತಿ ಮರಾಠಿಯಿಂದ ಬಂದಿರಬಹುದೆಂದು ನನ್ನ ಊಹೆ. ಮರಾಠಿಯ ಝಕಾರಕ್ಕೆ ಎರಡು ಉಚ್ಚಾರಗಳಿದ್ದು, ಒಂದು ಝೆಡ್ಡಿಗೆ ಹತ್ತಿರವಾದದ್ದು. ನಮ್ಮ ಜಿಲ್ಲೆಯೂ 1956ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಬಸ್ಸಿನ ಕಂಡಕ್ಟರನ ಎದುರು ಈ ಆರರಲ್ಲಿ ಯಾವುದನ್ನು ಹೇಳಿದರೂ ಟಿಕೀಟು ಸಿಗುವದು. ‘ಜಳಕಿ’ ಎಂದರೂ ಸಿಗುವದು. ಗಣಕಯಂತ್ರದ ಎದುರು ಹಾಗಲ್ಲ. ಅದಕ್ಕೆ ಆರೂ ಬೇರೆ ಬೇರೆ ಊರುಗಳು. ನನ್ನ ಮೊಬೈಲಂತೂ ಊರಿನ ಹೆಸರನ್ನು ಅರ್ಧ ಒತ್ತುವಷ್ಟರಲ್ಲಿ ‘ಜಳಕ’ ಎಂಬ ಶಬ್ದವನ್ನು ಮುಂದೆ ಹಿಡಿಯುತ್ತದೆ. ನಾನು ಊರಿಗೆ ಹೊರಟರೆ ಅದು ನನ್ನನ್ನು ಬಚ್ಚಲಿಗೆ ಕಳಿಸುವದು!

ಯಂತ್ರದ ಈ ಹಟಮಾರಿತನಕ್ಕೆ ಕಾರಣವೇನೆಂಬುದನ್ನು ಸ್ವಲ್ಪ ವಿಚಾರಿಸೋಣ. ಗಣಕಯಂತ್ರಕ್ಕೆ ಅಕ್ಷರಗಳ ಪರಿಚಯವಿಲ್ಲ. ಅದು ಬಲ್ಲದ್ದು ಸಂಖ್ಯೆಗಳನ್ನು ಮಾತ್ರ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸಂಖ್ಯೆ ಹಂಚುವ ಯುನಿಕೋಡ್ ಎಂಬ ವ್ಯವಸ್ಥೆಯು 1991ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು. ಝ ಎಂದರೆ 3229, ಳ ಎಂದರೆ 3251, ಕ ಎಂದರೆ 3221, ಗುಡಿಸು ಎಂದರೆ 3263. ಈ ನಾಲ್ಕು ಸಂಖ್ಯೆಗಳನ್ನು ಸಾಲಾಗಿ ಇಟ್ಟರೆ ಯಂತ್ರದ ಪಾಲಿಗೆ ಝಳಕಿಯಾಯಿತು. ಭಾರತೀಯ ಲಿಪಿಗಳಿಗೆ ಸಮಾನವಾಗಿ ನಮ್ಮ ದೇಶದಲ್ಲಿಯೇ ಮೊದಲು ಸಿದ್ಧವಾಗಿದ್ದ ಇಸ್ಕಿ ಎಂಬ ಪಟ್ಟಿಯನ್ನು ಯುನಿಕೋಡಿನವರು ಅನುಸರಿಸಿದರು. ಆದ್ದರಿಂದ ನಮ್ಮ ಲಿಪಿಗಳು ಒಂದೇ ನಕ್ಷೆಯ ಮನೆಗಳಂತೆ ಓಣಿಯಲ್ಲಿ ಸಾಲಾಗಿ ನಿಂತಿವೆ. ನಮ್ಮ ಝಕಾರದಿಂದ 128 ಕಳೆದರೆ 3101, ಅದು ತೆಲುಗಿನ ಝಕಾರ. ಅಲ್ಲಿಂದ ಹಿಂದೆ ಹಿಂದೆ ನಡೆದು ಒಟ್ಟು 896 ಕಳೆದರೆ 2333, ಅದು ದೇವನಾಗರಿಯದು. ಅಂದರೆ ಸೊಲ್ಲಾಪುರದ ಮರಾಠಿ ಫಲಕದ ಮೇಲಿನ ಝಕಾರ. ಝಳಕಿಯಿಂದ ಮಹಾರಾಷ್ಟ್ರದ ಗಡಿಯು ಎಷ್ಟು ದೂರವೆಂದು ಕೇಳಿದರೆ ಲಾರಿಯವರು ಮೈಲಿನಲ್ಲಿ ಹೇಳುವರು, ನಾನು 896 ಎನ್ನುವೆ.

ಒಂದೇ ನಕ್ಷೆ ಹಿಡಿದು ಎಲ್ಲರಿಗೂ ಮನೆ ಕಟ್ಟಿದರೆ ಯಾರಿಗಾದರೂ ಅಡಿಗೆಮನೆ ತಪ್ಪಿದ ದಿಕ್ಕಿಗೆ ಬರುವದು ಸಹಜ. ನಮ್ಮ ಳಕಾರಕ್ಕೆ ಹಾಗೆ ಆಗಿದೆ. ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಕೊನೆಗೆ ಬರಬೇಕು. ಯುನಿಕೋಡಿನಲ್ಲಿ ಲಕಾರದ ಪಕ್ಕದಲ್ಲಿಯೇ ಕುಳಿತಿದೆ. ಬರಿಯ ಸಂಖ್ಯೆಯ ಕ್ರಮದಿಂದ ಶಬ್ದಗಳನ್ನು ಜೋಡಿಸಿದರೆ ‘ಹಳ್ಳಿ’ ಮೊದಲು, ‘ಹಸು’ ಆಮೇಲೆ. ನಿಘಂಟಿನಲ್ಲಿ ಇದು ತಿರುವುಮುರುವು. ಇದನ್ನು ಸರಿಪಡಿಸಲು ಅಕ್ಷರಕ್ರಮದ ಬೇರೊಂದು ಪಟ್ಟಿಯುಂಟು. ಒಳ್ಳೆಯ ತಂತ್ರಾಂಶಗಳು ಅದನ್ನು ನೋಡಿಕೊಂಡೇ ಜೋಡಿಸುತ್ತವೆ.

ಇನ್ನು ಹೆಚ್ಚು ರಸವತ್ತಾದ ಸಂಗತಿಗೆ ಬರೋಣ. ಕನ್ನಡವನ್ನು ಯಂತ್ರದಲ್ಲಿ ಇಡುವದಕ್ಕೆ ಎರಡು ದಾರಿಗಳಿವೆ. ಒಂದು ಕಣ್ಣಿನ ದಾರಿ, ಇನ್ನೊಂದು ಕಿವಿಯ ದಾರಿ. ಮೊಳೆ ಜೋಡಿಸುವವರಿಗೂ ಬೆರಳಚ್ಚಿನವರಿಗೂ ಅಕ್ಷರವೆಂದರೆ ಆಕಾರ. ತಲೆಕಟ್ಟು ಒಂದು ತುಂಡು, ಒತ್ತಕ್ಷರ ಒಂದು ತುಂಡು, ಕೊಂಬು ಒಂದು ತುಂಡು. ಕನ್ನಡದ ಹಳೆಯ ತಂತ್ರಾಂಶಗಳು ಇದೇ ಕಣ್ಣಿನ ದಾರಿಯನ್ನು ಹಿಡಿದವು. ಆಗ ದೊರೆಯುತ್ತಿದ್ದ 256 ಸ್ಥಾನಗಳೊಳಗೆ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಮನೆಗಳಲ್ಲಿಯೇ ನಮ್ಮ ತುಂಡುಗಳನ್ನು ಬಾಡಿಗೆಗೆ ಇರಿಸಿದರು. ‘ನುಡಿ’ಯ ಹಳೆಯ ಅಚ್ಚಿನಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಅಚ್ಚು ಇಲ್ಲದ ಯಂತ್ರದಲ್ಲಿ ತೆರೆದು ನೋಡಿರಿ. ಏಳು ತುಂಡುಗಳು ಕಾಣುವವು. ಮೊದಲನೆಯದು ಇಂಗ್ಲಿಷಿನ ಪೀ. ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ! ಅದರ ಒತ್ತಿನ ಜಾಗದಲ್ಲಿ ಜರ್ಮನ್ನರ ಒಂದು ಅಕ್ಷರ. ತಾಯ್ನುಡಿಯ ಹೆಸರಿನ ನಡುವೆ ಪೌಂಡು ಕುಳಿತದ್ದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಆದರೆ ಆ ಕಾಲಕ್ಕೆ ಬೇರೆ ಉಪಾಯವಿರಲಿಲ್ಲವೆಂಬುದನ್ನು ಮರೆಯಬಾರದು. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಹೊರತಂದರು. ಆಮೇಲೆ ಕನ್ನಡ ಗಣಕ ಪರಿಷತ್ತಿನಿಂದ ‘ನುಡಿ’ ಬಂದಿತು. ಇವುಗಳಿಂದಾಗಿ ಮನೆಮನೆಯಲ್ಲಿಯೂ ಕಚೇರಿಗಳಲ್ಲಿಯೂ ಕನ್ನಡ ಬೆರಳಚ್ಚು ಸಾಧ್ಯವಾಯಿತು.

ಕಿವಿಯ ದಾರಿಯ ಮಾತು ಬಂದಾಗ ಕೆ. ಪಿ. ರಾವ್ ಅವರನ್ನು ನೆನೆಯದೆ ಮುಂದುವರಿಯಲಾಗದು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಇವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ. ಅಕ್ಷರವನ್ನು ಆಕಾರವೆಂದು ನೋಡದೆ ಧ್ವನಿಯೆಂದು ನೋಡಿದರೆ ಇಂಗ್ಲಿಷಿನ 26 ಕೀಲಿಗಳೇ ಕನ್ನಡಕ್ಕೆ ಸಾಕೆಂಬುದನ್ನು ಅವರ ಕೀಲಿಮಣೆಯು ತೋರಿಸಿಕೊಟ್ಟಿತು. ಅಲ್ಪಪ್ರಾಣಕ್ಕೆ ಕೀಲಿ ಒತ್ತುವದು, ಮಹಾಪ್ರಾಣಕ್ಕೆ ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತುವದು. ‘ನುಡಿ’ಯ ಕೀಲಿಮಣೆಗೂ ಇದೇ ಆಧಾರ. ಕ, ನ, ಎರಡನ್ನು ಕೂಡಿಸುವ ಕೊಂಡಿ, ಮತ್ತೆ ನ, ಡ. ಐದು ಒತ್ತಿಗೆ ‘ಕನ್ನಡ’ ಮುಗಿಯಿತು. ಯುನಿಕೋಡಿನಲ್ಲಿಯೂ ಆ ಶಬ್ದ ಐದೇ ಸಂಖ್ಯೆಗಳದು. ಬಾಯಿಂದ ಹೊರಡುವ ಕ್ರಮ, ಬೆರಳು ಒತ್ತುವ ಕ್ರಮ, ಯಂತ್ರ ಕಾಯ್ದಿಡುವ ಕ್ರಮ, ಮೂರೂ ಒಂದೇ ಆಗಿವೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇಂಗ್ಲಿಷಿನ ರೂಢಿಯಂತೆ ಝೆಡ್ ಕೀಲಿ ಒತ್ತಿ ಝಳಕಿಯನ್ನು ಬರೆಯಹೋದವರಿಗೆ ಪಿಂಚಣಿಯ ಞಕಾರ ಎದ್ದುಬಂದು ‘ಞಳಕಿ’ಯಾಗುವದು.

ಕಿವಿಯ ಕ್ರಮಕ್ಕೂ ಕಣ್ಣಿನ ಕ್ರಮಕ್ಕೂ ಇರುವ ಅಂತರ ಸ್ಪಷ್ಟವಾಗಿ ಕಾಣುವದು ಅರ್ಕಾವೊತ್ತಿನಲ್ಲಿ. ‘ಸೂರ್ಯ’ ಎನ್ನುವಾಗ ರಕಾರ ಮೊದಲು, ಯಕಾರ ನಂತರ. ಕಾಗದದ ಮೇಲೆ ಮಾತ್ರ ಯಕಾರವನ್ನು ಬರೆದು ಬೆನ್ನ ಹಿಂದೆ ರಕಾರದ ಗುರುತು ಹಾಕುವೆವು. ಯಂತ್ರವು ಕಿವಿಯನ್ನು ನಂಬಿ ರಕಾರವನ್ನೇ ಮೊದಲು ಇಟ್ಟುಕೊಂಡು, ತೋರಿಸುವಾಗ ಹಿಂದಕ್ಕೆ ಕಳಿಸುವದು. ಸರಿಯೇ ಆಯಿತು. ಆದರೆ ಪರೀಕ್ಷೆಯ ಫಲಿತಾಂಶ ಬಂದ ದಿನ ನಮಗೆಲ್ಲ ಬೇಕಾಗುವ ‘ರ‍್ಯಾಂಕ್’ ಎಂಬ ಶಬ್ದದಲ್ಲಿ ರಕಾರ ಮುಂದೆಯೇ ನಿಲ್ಲಬೇಕು. ಅದಕ್ಕಾಗಿ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕಾಗುವದು. ಅದರ ಸಂಖ್ಯೆ 8205. ಅಗಲವಿಲ್ಲ, ಆಕಾರವಿಲ್ಲ, ಧ್ವನಿಯೂ ಇಲ್ಲ. ವೇದಾಂತಿಗಳು ಹೇಳುವ ವಸ್ತುವಿಗೆ ಇಷ್ಟು ಸಮೀಪವಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅದನ್ನು ಬಿಟ್ಟು ಬರೆದವರ ರ‍್ಯಾಂಕು ಹಿಂದೆ ಬೀಳುವದು.

ಇದೆಲ್ಲ ವಿನೋದವಾಯಿತು. ವಿನೋದವಲ್ಲದ ಭಾಗವೂ ಒಂದಿದೆ. ಈ ಶತಮಾನದ ಆರಂಭಕ್ಕೆ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳು, ಗಣಕಯಂತ್ರಕ್ಕೆ ಏರಿದವು. ಕೈಬರಹದ ಉತಾರಕ್ಕಾಗಿ ಅಲೆಯುವ ಕಾಲ ಹೋಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಉತಾರದ ಹೆಸರು ಕನ್ನಡದಲ್ಲಿ, ಬ್ಯಾಂಕಿನ ಪುಸ್ತಕದ ಹೆಸರು ಇಂಗ್ಲಿಷಿನಲ್ಲಿ, ಆಧಾರ ಚೀಟಿಯ ಹೆಸರು ಎರಡರಲ್ಲಿಯೂ. ಇವು ಮೂರೂ ಕೂಡಿ ಬರಬೇಕು. ‘ಸಿದ್ದಪ್ಪ’ ಎಂಬ ಸಾಮಾನ್ಯ ಹೆಸರನ್ನೇ ತೆಗೆದುಕೊಳ್ಳಿರಿ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಸ್ವರವು ಐ ಅಥವಾ ಜೋಡಿ ಈ. ದಕಾರಕ್ಕೆ ಡೀ ಒಂದು, ಎರಡು ಅಥವಾ ಎಚ್ ಕೂಡಿದ್ದು. ಪಕಾರಕ್ಕೆ ಪೀ ಒಂದು ಅಥವಾ ಎರಡು. ಒಟ್ಟು ಹನ್ನೆರಡು ಸಿದ್ದಪ್ಪಗಳು. ನಮ್ಮ ಓಣಿಯ ಹಿರಿಯರೊಬ್ಬರ ನೆರವಿನ ಹಣ ಇಂಥದೇ ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ನಿಂತಿತು. ಕಾಗದಗಳನ್ನು ನನ್ನ ಕೈಗೆ ಕೊಟ್ಟು, “ಯಾಕೋ ತಮ್ಮಾ, ಎಪ್ಪತ್ತು ವರ್ಷ ನಾ ಒಬ್ಬಾಂವಽ ಇದ್ದೆ, ಈಗ ಈ ಡಬ್ಬಿ ನೋಡಿದರ ನಾ ಮೂರು ಮಂದಿ ಅಂತೈತಿ!” ಎಂದರು. ಅವರು ನಕ್ಕೇ ಹೇಳಿದ್ದರು. ಬಿತ್ತನೆಗೆ ತಂದ ಸಾಲದ ಬಡ್ಡಿ ಮಾತ್ರ ನಗುತ್ತಿರಲಿಲ್ಲ.

ಈ ರೋಗಕ್ಕೆ ಔಷಧ ಹೊಸದಾಗಿ ಹುಡುಕಬೇಕಾಗಿಲ್ಲ. 1918ರಷ್ಟು ಹಿಂದೆಯೇ ಅಮೆರಿಕೆಯ ರಾಬರ್ಟ್ ರಸೆಲ್ ಎಂಬವರು ಸೌಂಡೆಕ್ಸ್ ಎಂಬ ಉಪಾಯಕ್ಕೆ ಪೇಟೆಂಟು ಪಡೆದಿದ್ದರು. ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಡುವದು. ಸ್ವರಗಳನ್ನೂ ಎಚ್ ಮೊದಲಾದವನ್ನೂ ಬಿಡುವದು. ಒಂದೇ ತೆರನಾದ ಧ್ವನಿಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವದು. ಪಕ್ಕಪಕ್ಕದ ಒಂದೇ ಅಂಕಿಯನ್ನು ಒಮ್ಮೆ ಮಾತ್ರ ಬರೆಯುವದು. ಡೀಗೆ 3, ಪೀಗೆ 1. ಹನ್ನೆರಡು ಸಿದ್ದಪ್ಪಗಳೂ ‘ಎಸ್ 310’ ಎಂಬ ಒಂದೇ ಚೀಟಿಯ ಕೆಳಗೆ ಬಂದು ಕೂಡುವರು. ನಾನು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಬಹಳ ಹಿಗ್ಗಿದೆ. ಮರುಗಳಿಗೆಯಲ್ಲಿ ‘ಸೀತವ್ವ’ನ ಲೆಕ್ಕ ಹಾಕಿದೆ. ಅದೂ ಎಸ್ 310! ಸಿದ್ದಪ್ಪನ ಹಣ ಸೀತವ್ವನಿಗೆ ಹೋಗಬಾರದಷ್ಟೆ. ಆದ್ದರಿಂದ ಚೀಟಿ ಕೂಡಿದ ಮೇಲೆ ಮನುಷ್ಯನೊಬ್ಬ ಕುಳಿತು ನೋಡಲೇಬೇಕು. ಇನ್ನು ಝಳಕಿಗೆ ಬಂದರೆ ಝೆಡ್ಡಿನವರ ಊರು ‘ಝೆಡ್ 420’, ಜೇಯವರ ಊರು ‘ಜೇ 420’. ಸೌಂಡೆಕ್ಸಿನಲ್ಲಿ ಝೆಡ್, ಜೇ ಎರಡಕ್ಕೂ ಅಂಕಿ 2 ಎಂದೇ ಇದೆ. ಮೊದಲ ಅಕ್ಷರಕ್ಕೆ ವಿನಾಯಿತಿ ಕೊಟ್ಟದ್ದರಿಂದ ಅದು ಉಪಯೋಗಕ್ಕೆ ಬಾರದೆ ಹೋಯಿತು. (420 ಎಂಬ ಅಂಕಿಯ ಬಗ್ಗೆ ಝಳಕಿಯವರು ಸಿಟ್ಟಾಗಬಾರದು, ಅದು ರಸೆಲ್ಲರ ಲೆಕ್ಕ.)

ನನಗೆ ಅನಿಸುವದೆಂದರೆ, ಹೆಸರುಗಳನ್ನು ಇಂಗ್ಲಿಷಿಗೆ ಒಯ್ದು ಅಲ್ಲಿ ಹೋಲಿಸುವದೇ ಸುತ್ತು ದಾರಿ. ಧ್ವನಿ ಹುಟ್ಟುವ ಸ್ಥಾನವನ್ನು ನೋಡಿ ಅಕ್ಷರಗಳನ್ನು ವರ್ಗವರ್ಗವಾಗಿ ಕೂಡ್ರಿಸುವ ಕೆಲಸವನ್ನು ನಮ್ಮ ವೈಯಾಕರಣರು ಎಂದೋ ಮಾಡಿಟ್ಟಿದ್ದಾರೆ; ಯುನಿಕೋಡ್ ಅದೇ ಸಾಲಿಗೆ ಸಂಖ್ಯೆ ಕೊಟ್ಟಿದೆ. ದ 3238, ಧ 3239. ಜ 3228, ಝ 3229. ವರ್ಗೀಯ ಮಹಾಪ್ರಾಣದಿಂದ ಒಂದು ಕಳೆದರೆ ಅಲ್ಪಪ್ರಾಣ! ಮಹಾಪ್ರಾಣವನ್ನು ಇಳಿಸು, ದೀರ್ಘವನ್ನು ಹ್ರಸ್ವ ಮಾಡು, ಒತ್ತನ್ನು ಬಿಡು. ಈ ಮೂರು ಸೂತ್ರಗಳಿಗೆ ‘ಸಿದ್ದಪ್ಪ’, ‘ಸಿದ್ಧಪ್ಪ’, ‘ಸಿದಪ್ಪ’ ಮೂವರೂ ಒಬ್ಬರಾಗುವರು. ಸೀತವ್ವ ಮಾತ್ರ ಬೇರೆಯಾಗಿಯೇ ಉಳಿಯುವಳು. ಜಳಕಿಯೂ ಝಳಕಿಯೂ ಒಂದೇ ಊರಾಗುವದು. ಹಳ್ಳಿಯ ಬಾಯಿ ಮಹಾಪ್ರಾಣವನ್ನು ಮೊದಲಿನಿಂದಲೂ ಹೀಗೆಯೇ ಇಳಿಸಿ ನುಡಿಯುತ್ತ ಬಂದಿದೆ. ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ಗೆಳೆಯರಿಗೆ ಇದು ನಾಲ್ಕು ದಿನದ ಕೆಲಸ. ಕಲಾ ವಿಭಾಗದವರಿಗೆ ಇದರಲ್ಲಿ ಏನು ಪಾಲೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಆ ಮೂರು ಸೂತ್ರಗಳು ವ್ಯಾಕರಣದ ತರಗತಿಯವು.

ಈ ಎಲ್ಲ ಉಪಾಯ ನಡೆಯುವದು ಕಡತವು ಯುನಿಕೋಡಿನಲ್ಲಿದ್ದರೆ ಮಾತ್ರ. ನಿಮ್ಮ ಪ್ರಬಂಧವೋ ವರದಿಯೋ ಯಾವುದರಲ್ಲಿದೆಯೆಂದು ತಿಳಿಯುವ ಪರೀಕ್ಷೆ ಸುಲಭ. ಮೊಬೈಲಿನಲ್ಲಿ ‘ಕನ್ನಡ’ ಎಂದು ಬರೆದು ನಕಲು ಮಾಡಿಕೊಂಡು, ಆ ಕಡತದಲ್ಲಿ ಹುಡುಕಿಸಿರಿ. ಪುಟಪುಟದಲ್ಲಿಯೂ ಆ ಶಬ್ದ ಕಣ್ಣಿಗೆ ಕಾಣುತ್ತಿದ್ದರೂ ಯಂತ್ರವು ಇಲ್ಲವೆಂದರೆ ಅದು ಪೌಂಡಿನ ಕಾಲದ ಕಡತ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುವವು. ಆದರೆ ಲೇಖನದ ನಡುವೆ ಇಂಗ್ಲಿಷ್ ಶಬ್ದಗಳಿದ್ದರೆ ಮೊದಲು ಅವನ್ನು ತೆಗೆದಿಡಿರಿ. ಇಲ್ಲವಾದರೆ ಪೀ ಎಂದೊಡನೆ ಕಕಾರವೆಂದು ತಿಳಿದು ಅದು ಅವನ್ನೂ ಕನ್ನಡಿಸಿಬಿಡುವದು. ಈ ಲೇಖನವನ್ನು ನಾನು ಯುನಿಕೋಡಿನಲ್ಲಿಯೇ ಬರೆದು ಸಂಪಾದಕರಿಗೆ ಒಪ್ಪಿಸಿದ್ದೇನೆ. ಅಚ್ಚಿಗೆ ಹೋಗುವಾಗ ಅದು ಹಳೆಯ ಅಚ್ಚಿಗೆ ಮರಳುವ ಸಂಭವವೂ ಉಂಟು. ವಾಚಕರು ಹಿಂದಕ್ಕೆ ತಿರುಗಿ ‘ರ‍್ಯಾಂಕ್’ ಎಂಬ ಶಬ್ದವನ್ನು ಒಮ್ಮೆ ನೋಡಿದರೆ, ಆ 8205 ದಾರಿಯಲ್ಲಿ ಇಳಿದುಹೋಯಿತೋ ಇಲ್ಲವೋ ತಿಳಿಯುವದು.