ನೇತ್ರಾಣಿಯಲ್ಲಿ ಮುಳುಗಿದ ದಿನವೇ ಘಟ್ಟ ಹತ್ತಬೇಡಿ

ತುಮಕೂರು ಬಳಿಯ ವಸಂತನರಸಾಪುರದ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿಯುವ ಹುಡುಗರಿಗೆ ಈಗ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್‌ನದೇ ಮಾತು. ಹೋಗಿ ಬಂದವನೆಂದು ನನ್ನನ್ನು ಮೊದಲು ಕೇಳುವುದು, ‘ಅಣ್ಣಾ, ಈಜು ಬರಬೇಕಾ?’ ಬಾರದಿದ್ದರೂ ನಡೆಯುತ್ತದೆ, ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಮುಳುಗಿ ಎದ್ದ ದಿನವೇ ಊರಿಗೆ ಹೊರಡಬಹುದಾ?

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಗಂಟೆಗೂ ಮೇಲೆ. ದ್ವೀಪಕ್ಕೆ ಕಾಲಿಡಲು ಬಿಡುವುದಿಲ್ಲ, ಅದೇ ಒಳ್ಳೆಯದು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ ಅದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಬಂಡೆಗಳೂ ಅವೇ ಎಂದು ನೆನೆದರೆ ಸಂಕಟವಾಗುತ್ತದೆ.

ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಎಲ್ಲ. ನಮ್ಮ ಶಾಪ್ ಫ್ಲೋರ್‌ನಲ್ಲಿ ಹೆಬ್ಬೆರಳೆತ್ತಿದರೆ ‘ಸರಿ’ ಎಂದರ್ಥ. ಅಲ್ಲಿ ಅದು ‘ಮೇಲೆ ಹೋಗೋಣ’. ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಇಳಿಯುವಾಗ ಆಗಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಶೀತವಿದ್ದರೆ ಇದು ಆಗದು, ಹೋಗುವುದನ್ನೇ ಬಿಡಿ. ಉಸಿರನ್ನು ಮಾತ್ರ ಎಂದೂ ಹಿಡಿಯಬಾರದು. ಇಷ್ಟು ಕೈಗೂಡಿದರೆ ಗಿಳಿಮೀನು ಹವಳದ ಬಂಡೆಯನ್ನು ಕಟಕಟ ಕಡಿಯುವ ಸದ್ದೂ ಕೇಳುತ್ತದೆ. ಹವಳ ಜೀವಿ, ಬೆರಳು ತಾಗಿಸಿದರೂ ಅದಕ್ಕೆ ಗಾಯ.

ಇನ್ನು ಊರಿಗೆ ಮರಳುವ ಮಾತು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಒತ್ತಡ ಥಟ್ಟನೆ ಇಳಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳುತ್ತದೆ. ಒಂದು ಸಲ ಮುಳುಗಿದವರು 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆಯಾದರೂ ಕಳೆದು ವಿಮಾನ ಹತ್ತಬೇಕೆಂದು ಡೈವಿಂಗ್‌ನವರು ಹೇಳುವುದು ಇದಕ್ಕೇ. ಸುಮಾರು 600 ಮೀಟರ್ ಮೀರಿದ ಎತ್ತರದ ಊರಿಗೂ ಅದೇ ಎಚ್ಚರ ಬೇಕು. ಕರಾವಳಿಯವರಿಗೆ ಈ ಚಿಂತೆಯಿಲ್ಲ, ನಮಗಿದೆ. ಕುಣಿಗಲ್ ಹಾದಿಯ ಪಂಚಗಂಗಾ ರೈಲು ಏರುವ ಸಕಲೇಶಪುರ 900 ಮೀಟರ್‌ಗೂ ಮೇಲಿದೆ. ನಮ್ಮ ತುಮಕೂರೂ 800ರ ಆಸುಪಾಸು.

ಶನಿವಾರ ಬೆಳಿಗ್ಗೆ ಮುಳುಗಿ, ಸಂಜೆ ಇಡಗುಂಜಿ ಗಣಪತಿಗೆ ಕೈಮುಗಿದು, ರಾತ್ರಿ ಮುರುಡೇಶ್ವರದಲ್ಲೇ ಮಲಗಿ. ಭಾನುವಾರ ತಿಂಡಿ ತಿಂದು ಹೊರಟರೂ ಸೋಮವಾರದ ಮೊದಲ ಶಿಫ್ಟ್ ತಪ್ಪುವುದಿಲ್ಲ.