ಖಾಲಿ ರಸ್ತೆ ಹುಡುಕುವವರಿಗೆ: ಕೊಡಗಿನಲ್ಲಿ ಸೈಕಲ್ ತುಳಿದು ಕಲಿತದ್ದು

ಇಟಲಿಯ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದು ಬಂದವರು ಕೊಡಗಿಗೆ ಬಂದಾಗ ಮೊದಲು ಕೇಳುವುದು, "ಇಲ್ಲಿ ವಾಹನ ಇಲ್ಲದ ರಸ್ತೆ ಯಾವುದು?" ಅಂತ. ಅಲ್ಲಿ ಅಂಥ ರಸ್ತೆಗಳಿವೆ, ಅದಕ್ಕೆ ಕಾರಣವೂ ಇದೆ. ರೈಲು ನಿಂತುಹೋದ ಹಳಿಗಳ ಜಾಗವನ್ನೇ ಸೈಕಲ್ ದಾರಿ ಮಾಡಿಕೊಂಡಿದ್ದಾರೆ. ಸ್ಪೊಲೆಟೊ–ನೋರ್ಚಾ ಮಾರ್ಗ ಅಂಥದ್ದು. ಕಿಯಾಂಟಿಯ ದ್ರಾಕ್ಷಿ ತೋಟಗಳ ನಡುವಿನ ಬಿಳಿ ಮಣ್ಣಿನ ದಾರಿಗಳಿಗೆ ಡಾಂಬರು ಬೀಳಬಾರದು ಎಂಬ ಹಟವೂ ಸೇರಿಕೊಂಡು 1997ರಲ್ಲಿ ಗಯೋಲೆ ಎಂಬ ಊರಿನಲ್ಲಿ 'ಎರೋಯಿಕಾ' ಎಂಬ ಹಳೇ ಸೈಕಲ್ಲುಗಳ ಸವಾರಿ ಶುರುವಾಯಿತು. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲ, ಬಿಟ್ಟುಹೋದ ಹಳಿ ಎಲ್ಲಿಂದ ಬರಬೇಕು? ಇಲ್ಲಿ ಖಾಲಿ ರಸ್ತೆ ಅಂತ ಇಲ್ಲ. ಖಾಲಿ ಹೊತ್ತು ಇದೆ, ಖಾಲಿ ದಿಕ್ಕು ಇದೆ. ವರ್ಷಗಟ್ಟಲೆ ತುಳಿದ ಮೇಲೆ ಅದನ್ನು ಹಿಡಿಯುವ ದಾರಿ ಒಂದಿಷ್ಟು ಗೊತ್ತಾಗಿದೆ.

1. ಮಡಿಕೇರಿಯಲ್ಲಿ ಬಿಡಾರ ಹೂಡಬೇಡಿ

ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಯಾವ ದಿಕ್ಕಿಗೆ ಹೊರಟರೂ ಬೆಳಿಗ್ಗೆ ಸುಖವಾಗಿ ಇಳಿಯುತ್ತೀರಿ, ಮಧ್ಯಾಹ್ನದ ಬಿಸಿಲಲ್ಲಿ ಅಷ್ಟನ್ನೂ ಹತ್ತುತ್ತೀರಿ. ಸಾಲದ್ದಕ್ಕೆ ಬಂಟ್ವಾಳ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 275 ಊರಿನ ಮೂಲಕವೇ ಹೋಗುತ್ತದೆ. ಕುಶಾಲನಗರದ ಕಡೆಯಾಗಲಿ, ಸಂಪಾಜೆ ಘಾಟಿಯಾಗಲಿ ಲಾರಿ, ಬಸ್ಸು, ಅವಸರದ ಕಾರುಗಳ ಪಾಲು. ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ ರಸ್ತೆಯ ಜೀಪುಗಳ ವಿಚಾರ ಹೇಳುವುದೇ ಬೇಡ. ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆ ಇವುಗಳಲ್ಲಿ ಒಂದರಲ್ಲಿ ಉಳಿದುಕೊಂಡರೆ ಅರ್ಧ ಕಷ್ಟ ಅಲ್ಲೇ ಕಳೆಯಿತು.

2. ಗದ್ದೆ ಕಂಡರೆ ಅದರ ಬದಿ ಹಿಡಿಯಿರಿ

ನಕ್ಷೆ ನೋಡಿದರೆ ಕೊಡಗಿನ ಎಲ್ಲ ಹಳ್ಳಿ ರಸ್ತೆಗಳೂ ಒಂದೇ ರೀತಿ ಸುರುಳಿ ಸುತ್ತಿದಂತೆ ಕಾಣುತ್ತವೆ. ತುಳಿಯುವಾಗ ಮಾತ್ರ ಅವು ಎರಡು ಜಾತಿ. ಇಲ್ಲಿನ ನೆಲದ ಕ್ರಮ ಹಳೆಯದು: ತಗ್ಗಿನಲ್ಲಿ ಭತ್ತದ ಗದ್ದೆ, ಅದಕ್ಕೆ ಮುಖ ಮಾಡಿ ಸ್ವಲ್ಪ ಮೇಲೆ ಕುಟುಂಬದ ಹಿರಿಮನೆಯಾದ ಐನ್‌ಮನೆ, ಹಿಂದೆ ಗದ್ದೆಗೆ ಸೇರಿದ ಗುಡ್ಡದ ಜಮೀನಾದ ಬಾಣೆ, ಕಾಫಿ ತೋಟ, ಅದರಾಚೆ ಕಾಡು ಅಥವಾ ದೇವರಕಾಡು. ಗದ್ದೆಯ ಅಂಚಿನಲ್ಲೇ ಸಾಗುವ ರಸ್ತೆ ನೀರು ನಿಲ್ಲುವ ಮಟ್ಟವನ್ನು ಅನುಸರಿಸುತ್ತದೆ, ಹಾಗಾಗಿ ಏರು ಕಡಿಮೆ. ರಸ್ತೆ ಗದ್ದೆ ಬಿಟ್ಟು ತೋಟದೊಳಕ್ಕೆ ತಿರುಗಿತು ಅಂದರೆ ತಿರುವಿನ ಮೊದಲೇ ಗೇರ್ ಇಳಿಸಿ. ಆಮೇಲೆ ಇಳಿಸಲು ಹೋದರೆ ಚೈನು ಕಿರುಗುಟ್ಟುತ್ತದೆ.

ಈ ಲೆಕ್ಕದಲ್ಲಿ ನನಗೆ ಅಚ್ಚುಮೆಚ್ಚು ಮೂರ್ನಾಡಿನಿಂದ ಹೊದವಾಡ, ಕೊಟ್ಟಮುಡಿ ಮೇಲೆ ನಾಪೋಕ್ಲು, ಅಲ್ಲಿಂದ ಕಕ್ಕಬ್ಬೆ. ನಾಪೋಕ್ಲುವಿನವರೆಗೆ ಕಾವೇರಿಯ ತಗ್ಗು, ಹದವಾದ ಏರಿಳಿತ. ಕಕ್ಕಬ್ಬೆ ಹತ್ತಿರ ಬಂದಂತೆ ತಡಿಯಂಡಮೋಳ್ ಎದುರು ನಿಲ್ಲುತ್ತದೆ. 1,748 ಮೀಟರಿನ ಆ ಬೆಟ್ಟವನ್ನು ಕೆಳಗಿನಿಂದ ನೋಡಿದರೆ ಸಾಕು. 1792ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆವರೆಗೆ ಹೋಗುವುದಾದರೆ ಕೊನೆಯ ತುಂಡು ಕಡಿದಾಗಿದೆ. ಸೈಕಲ್ ತಳ್ಳಿಕೊಂಡು ಹೋದರೆ ಯಾರೂ ನಗುವುದಿಲ್ಲ.

ಏರೇ ಬೇಡ ಅನ್ನುವವರಿಗೆ ಕುಶಾಲನಗರದ ಉತ್ತರಕ್ಕೆ ಕೂಡಿಗೆ, ಹೆಬ್ಬಾಲೆ, ಶಿರಂಗಾಲ ಇದೆ. ಹಾರಂಗಿ ಕಾವೇರಿಯನ್ನು ಕೂಡುವುದು ಕೂಡಿಗೆಯಲ್ಲಿ. ಅಲ್ಲಿಂದ ಮುಂದೆ ಹೊಳೆ ಬದಿಯ ಬಯಲು. ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿದರೆ ಕೊಡಗಿನಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ, ಅಷ್ಟು ಸಮತಟ್ಟು.

3. ರಸ್ತೆಗಿಂತ ಗಡಿಯಾರ ಮುಖ್ಯ

ತೋಟದ ನಾಡಿನಲ್ಲಿ ವಾಹನಗಳು ಬರುವುದು ಅಲೆಯಲೆಯಾಗಿ. ಬೆಳಿಗ್ಗೆ ಕೆಲಸದವರನ್ನು ತುಂಬಿಕೊಂಡ ಪಿಕಪ್‌ಗಳು, ಅವುಗಳ ಬೆನ್ನಿಗೇ ಶಾಲಾ ವ್ಯಾನುಗಳು. ಸಂಜೆ ನಾಲ್ಕೂವರೆಯ ನಂತರ ಅದೇ ಜನ, ಅದೇ ಪಿಕಪ್, ಆದರೆ ಚಾಲಕನಿಗೆ ಮನೆ ಸೇರುವ ಆತುರ. ನಡುವೆ ವಾರದ ದಿನಗಳಲ್ಲಿ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಒಂದು ಬಿಡುವು ಸಿಗುತ್ತದೆ: ಕೆಲಸದವರು ತೋಟದಲ್ಲಿ, ಮಕ್ಕಳು ಶಾಲೆಯಲ್ಲಿ, ಪ್ರವಾಸಿಗರು ಹೋಂಸ್ಟೇಯ ತಿಂಡಿ ಮುಗಿಸಿ ಇನ್ನೂ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಸೈಕಲ್ಲಿನವರೆಲ್ಲ ನಸುಕಿನಲ್ಲೇ ಹೊರಡಬೇಕು ಅನ್ನುವುದು ಬೆಂಗಳೂರಿನ ಬುದ್ಧಿ. ಆ ಊರಿನ ಸಂಚಾರಕ್ಕೆ ಅದು ಸರಿ. ಇಲ್ಲಿ ನಸುಕು ಬೇರೆಯವರದು.

4. ನಸುಕು ಆನೆಯದು

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆ ಆನೆಗಳು ರಾತ್ರಿ ತೋಟದೊಳಗೆ ಮೇಯ್ದು ಬೆಳಗಾಗುವಾಗ ರಸ್ತೆ ದಾಟುತ್ತವೆ. ಎಷ್ಟೋ ಆನೆಗಳು ಹಗಲೂ ತೋಟದಲ್ಲೇ ಉಳಿಯುತ್ತವೆ. ಆ ಭಾಗದಲ್ಲಿ ಬಿಸಿಲೇರುವ ಮೊದಲು ಹೊರಡುವುದಿಲ್ಲ, ಐದರ ಮೇಲೆ ರಸ್ತೆಯಲ್ಲಿ ಇರುವುದಿಲ್ಲ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಅತ್ತ ಹೋಗುವುದೇ ಇಲ್ಲ ಅಂದರೂ ನಡೆದೀತು.

ಸೈಕಲ್ಲಿನ ದೊಡ್ಡ ಗುಣ ಸದ್ದಿಲ್ಲದಿರುವುದು. ಆನೆಯ ಮಟ್ಟಿಗೆ ಅದೇ ದೊಡ್ಡ ಅಪಾಯ. ಜೀಪು ಬಂದರೆ ಅದಕ್ಕೆ ದೂರದಿಂದಲೇ ಗೊತ್ತಾಗುತ್ತದೆ, ನಾವು ತಿರುವಿನಲ್ಲಿ ಅದರ ಮುಖಕ್ಕೇ ಹೋಗಿ ನಿಲ್ಲುತ್ತೇವೆ. ಆದ್ದರಿಂದ ಕುರುಡು ತಿರುವುಗಳಲ್ಲಿ ಬೆಲ್ ಬಾರಿಸಿ, ಜೊತೆಯವರೊಡನೆ ಗಟ್ಟಿಯಾಗಿ ಮಾತಾಡಿ. ರಸ್ತೆ ಮೇಲೆ ಹಬೆಯಾಡುವ ಲದ್ದಿ, ಆಗಷ್ಟೇ ಮುರಿದು ಹಾಲು ಸೋರುವ ಹಲಸಿನ ಕೊಂಬೆ, ಬಾಗಿದ ಬೇಲಿ ತಂತಿ ಕಂಡರೆ ಅಲ್ಲೇ ತಿರುಗಿ. ಏರಿನಲ್ಲಿ ನಮ್ಮ ವೇಗ ಗಂಟೆಗೆ ಹತ್ತು ಕಿ.ಮೀ. ದಾಟುವುದಿಲ್ಲ, ಆನೆ ಇಪ್ಪತ್ತೈದರ ಹತ್ತಿರ ಓಡಬಲ್ಲದು.

ಇದಕ್ಕೆಲ್ಲ ಒಳ್ಳೆಯ ಉಪಾಯ ಟೀ ಅಂಗಡಿ. "ಅಣ್ಣ, ಈ ಕಡೆ ಆನೆ ಉಂಟಾ?" ಅಂತ ಕೇಳಿ. "ನಿನ್ನೆ ರಾತ್ರಿ ಇತ್ತು, ಈಗ ಆಚೆ ತೋಟಕ್ಕೆ ಹೋಗಿದೆ" ಎಂದು ಗೇಟಿನ ಹೆಸರು ಸಮೇತ ಹೇಳುತ್ತಾರೆ. ಫೋನಿನ ನಕ್ಷೆ ಇದನ್ನು ಹೇಳುವುದಿಲ್ಲ.

ಕುಟ್ಟದ ಸುತ್ತ ಇನ್ನೂ ಎಚ್ಚರ ಬೇಕು. 2023ರ ಫೆಬ್ರವರಿಯಲ್ಲಿ ಅಲ್ಲೇ ಹತ್ತಿರದ ಕೆ. ಬಾಡಗದಲ್ಲಿ ಹುಲಿ ಇಬ್ಬರನ್ನು ಕೊಂದಿತು. ಕಾನೂರು, ಬಾಳೆಲೆ ಕಡೆ ಲಕ್ಷ್ಮಣತೀರ್ಥದ ಬದಿಯ ಗದ್ದೆಗಳು ಬಹಳ ಚಂದ, ರಸ್ತೆಯೂ ಹದವಾಗಿದೆ. ಆದರೆ ನಾಗರಹೊಳೆಯ ಕಾಡು ಪಕ್ಕದಲ್ಲೇ ಇದೆ. ಅಲ್ಲಿಗೆ ಒಬ್ಬರೇ ಹೋಗಬೇಡಿ.

5. ಪಂಚಾಂಗ ನೋಡಿ ಹೊರಡಿ

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಭಾಗಮಂಡಲ–ತಲಕಾವೇರಿ ರಸ್ತೆ ತುಂಬಿ ತುಳುಕುತ್ತದೆ. ವಾರಾಂತ್ಯಕ್ಕೆ ಅಂಟಿಕೊಂಡ ಸರ್ಕಾರಿ ರಜೆಯೂ ಹಾಗೆಯೇ. ಹೊರಗಿನವರಿಗೆ ಹೊಳೆಯದ್ದು ಕೊಡವ ಕುಟುಂಬಗಳ ಹಾಕಿ ಉತ್ಸವ. ಇದೂ 1997ರಲ್ಲೇ, ಕರಡದಲ್ಲಿ ಶುರುವಾದದ್ದು, ಎರೋಯಿಕಾದ ಓರಗೆ! ಪ್ರತಿವರ್ಷ ಒಂದೊಂದು ಕುಟುಂಬ ನಡೆಸಿಕೊಡುತ್ತದೆ, ಬೇಸಿಗೆಯಲ್ಲಿ ವಾರಗಟ್ಟಲೆ ನಡೆಯುತ್ತದೆ. ಮೈದಾನದ ಸುತ್ತಲಿನ ರಸ್ತೆಗಳು ಆಗ ಸೈಕಲ್ಲಿಗಲ್ಲ. ಆದರೆ ಫೈನಲ್ ದಿನ ಜಿಲ್ಲೆಯ ಉಳಿದ ಒಳರಸ್ತೆಗಳು ಕರ್ಫ್ಯೂ ಹಾಕಿದ ಹಾಗಿರುತ್ತವೆ. ಹಾಕಿ ಹುಚ್ಚಿಲ್ಲದವರಿಗೆ ಅದು ಹಬ್ಬ.

6. ನೆಲ ನೋಡಿ ತುಳಿಯಿರಿ

ಜೂನ್‌ನಿಂದ ಆಗಸ್ಟ್‌ವರೆಗೆ ಬೆಟ್ಟದ ಕಡೆ ಸೈಕಲ್ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡಗಳು ಜಾರಿದ್ದು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದು ಇಲ್ಲಿನವರು ಮರೆತಿಲ್ಲ. ಮಳೆ ನಿಂತ ಮೇಲೂ ನವೆಂಬರ್‌ವರೆಗೆ ಮರದ ನೆರಳಿನ ತುಂಡುಗಳಲ್ಲಿ ಪಾಚಿ ಇರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು. ಒಣಗಿದ ಕಾಲದಲ್ಲಿ ಸಿಲ್ವರ್ ಓಕ್ ಎಲೆಗಳು ತಿರುವುಗಳಲ್ಲಿ ರಾಶಿ ಬಿದ್ದು ಚಕ್ರ ಜಾರಿಸುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಾಗಲು ತೋಟದವರು ಸ್ಪ್ರಿಂಕ್ಲರ್ ಹಾಕಿದಾಗ ಸುಡು ಬಿಸಿಲಿನಲ್ಲೂ ರಸ್ತೆಯ ಒಂದು ತುಂಡು ಒದ್ದೆ. ಹೂವಿನ ಘಮಕ್ಕೆ ತಲೆ ಎತ್ತುವ ಜಾಗವೂ ಅದೇ, ಬೀಳುವ ಜಾಗವೂ ಅದೇ.

ಎಲ್ಲಕ್ಕಿಂತ ಕೆಟ್ಟದ್ದು ರಸ್ತೆಯ ಅಂಚು. ಮಳೆನೀರು ಮಣ್ಣು ಕೊರೆದು ಡಾಂಬರಿನ ತುದಿ ನಾಲ್ಕೈದು ಇಂಚು ಎತ್ತರದ ಮೆಟ್ಟಿಲಾಗಿರುತ್ತದೆ. ಹಿಂದಿನಿಂದ ಪಿಕಪ್ ಹಾರ್ನ್ ಹೊಡೆದ ಕೂಡಲೇ ಎಡಕ್ಕೆ ಸರಿದರೆ ಮುಂದಿನ ಚಕ್ರ ಕೆಳಗಿಳಿಯುತ್ತದೆ. ಓರೆಯಾಗಿ ಮತ್ತೆ ಮೇಲೆ ಹತ್ತಿಸಲು ನೋಡಿದರೆ ಆ ಅಂಚು ಟಯರನ್ನು ಹಿಡಿದುಕೊಂಡು ನಿಮ್ಮನ್ನು ರಸ್ತೆಯೊಳಕ್ಕೇ ಕೆಡವುತ್ತದೆ. ಡಾಂಬರಿನ ಮೇಲೇ ನಿಧಾನಿಸಿ, ನಿಲ್ಲಿಸಿ, ಕಾಲೂರಿ. ಪಿಕಪ್‌ನವರು ಕಾಯುತ್ತಾರೆ. ತೋಟದ ಗೇಟು ಸಿಕ್ಕಿದರೆ ಅದರ ಬಾಯಿಗೆ ಸರಿದು ನಿಲ್ಲುವುದು ಇನ್ನೂ ಉತ್ತಮ.

7. ಸೈಕಲ್ ಬಗ್ಗೆ ಎರಡೇ ಮಾತು

ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇರುವ ಗೇರ್, 32 ಮಿಲಿಮೀಟರಿಗೆ ಕಡಿಮೆಯಿಲ್ಲದ ಟಯರು. ಟ್ಯೂಬ್ ನೀವೇ ಇಟ್ಟುಕೊಳ್ಳಿ. ಸಣ್ಣ ಊರಿನ ಸೈಕಲ್ ಅಂಗಡಿಯವರು ಪಂಕ್ಚರ್ ಚೆನ್ನಾಗಿ ಹಾಕುತ್ತಾರೆ, ನಿಮ್ಮ ಅಳತೆಯ ಟ್ಯೂಬ್ ಅವರಲ್ಲಿ ಇರಲಿಕ್ಕಿಲ್ಲ.

8. ಕೊನೆಗೆ ಕರಿಕೆ

ಇಷ್ಟು ಅಭ್ಯಾಸವಾದ ಮೇಲೆ ಭಾಗಮಂಡಲದಿಂದ ಕರಿಕೆ ಮೂಲಕ ಕಾಸರಗೋಡು ಜಿಲ್ಲೆಯ ಪಾಣತ್ತೂರಿಗೆ ಇಳಿಯುವ ರಸ್ತೆಗೆ ಹೋಗಿ. ಜಿಲ್ಲೆಯಲ್ಲಿ ವಾಹನ ತೀರಾ ಕಡಿಮೆ ಇರುವ ಉದ್ದನೆಯ ದಾರಿಗಳಲ್ಲಿ ಇದೂ ಒಂದು. ಕಿರಿದು, ದಟ್ಟ ಕಾಡು, ಇಳಿಜಾರೇ ಹೆಚ್ಚು. ಮಧ್ಯೆ ಅಂಗಡಿ ಸಿಗುವ ನಂಬಿಕೆ ಬೇಡ, ಭಾಗಮಂಡಲದಲ್ಲೇ ಹೊಟ್ಟೆಗೆ ಹಾಕಿಕೊಂಡು ನೀರು ತುಂಬಿಸಿಕೊಳ್ಳಿ. ಫೋನು ಬಹಳ ಹೊತ್ತು ಸುಮ್ಮನಿರುತ್ತದೆ, ಹೊರಡುವ ಮೊದಲೇ ಮನೆಗೆ ತಿಳಿಸಿಬಿಡಿ. ಇಬ್ಬರಾದರೂ ಇರಿ, ನಡುಹಗಲಲ್ಲೇ ಕಾಡು ದಾಟಿ. ಬ್ರೇಕ್ ಪ್ಯಾಡ್ ಹೊಸದಿರಲಿ, ಬಿಟ್ಟು ಬಿಟ್ಟು ಹಿಡಿಯಿರಿ. ಕೆಳಗಿಳಿದಂತೆ ಸೆಕೆ ಏರುತ್ತದೆ, ಕಾಫಿ ಹೋಗಿ ರಬ್ಬರ್ ಬರುತ್ತದೆ. ಪಾಣತ್ತೂರಿನಿಂದ ಕಾಞಂಗಾಡಿಗೆ ಬಸ್ಸುಗಳಿವೆ, ಅಲ್ಲಿ ರೈಲು ನಿಲ್ದಾಣ. ಮುಂದಿನ ಚಕ್ರ ಬಿಚ್ಚಿಟ್ಟುಕೊಂಡು, ಸೈಕಲ್ ಹಾಕಲು ಬಿಡುತ್ತಾರಾ ಎಂದು ಕಂಡಕ್ಟರನ್ನು ಮೊದಲೇ ಕೇಳಿ. ಬಸ್ಸು ತುಂಬಿದ್ದರೆ ಮುಂದಿನದಕ್ಕೆ ಕಾಯಬೇಕು.