ಸರಪಳಿ ಗರಗಸಕ್ಕೆ ಹೊಸ ಬಾರ್ ಮತ್ತು ಚೈನ್ ಆರಿಸುವ ಬಗೆ

ಮಲೆನಾಡಿನಲ್ಲಿ ಅಡಕೆ ಬೇಯಿಸುವ ಒಲೆಗೆ ಸೌದೆ ಬೇಕೇ ಬೇಕು. ಕಾಫಿ ತೋಟದಲ್ಲಿ ನೆರಳು ಸವರಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆಗಳನ್ನೂ ತುಂಡರಿಸಬೇಕಾಗುತ್ತದೆ. ಇದಕ್ಕಾಗಿ ಪೆಟ್ರೋಲ್ ಗರಗಸ ಇಟ್ಟುಕೊಂಡಿರುವ ರೈತ ಬಾಂಧವರು ಅನೇಕರು. ಯಂತ್ರ ಬಾಳುವಷ್ಟು ಕಾಲ ಅದರ ಬಾರ್ ಮತ್ತು ಚೈನ್ ಬಾಳುವುದಿಲ್ಲ. ಬದಲಿಸುವಾಗ ಅಂಗಡಿಯಲ್ಲಿ '16 ಅಂಗುಲದ ಚೈನ್ ಕೊಡಿ' ಎಂದಷ್ಟೇ ಕೇಳಿದರೆ ಸಾಲದು. ಒಂದು ತಯಾರಿಕೆಯ 16 ಅಂಗುಲದ ಬಾರಿಗೆ 55 ಚಾಲಕ ಕೊಂಡಿಗಳಿದ್ದರೆ ಇನ್ನೊಂದಕ್ಕೆ 56, ಮತ್ತೊಂದಕ್ಕೆ 66 ಇರುವುದುಂಟು.

ಉದ್ದದ ಜೊತೆಗೆ ಪಿಚ್, ಗೇಜ್, ಕೊಂಡಿಗಳ ಸಂಖ್ಯೆ ಇವು ಮೂರೂ ಹೊಂದಬೇಕು. ಸಾಮಾನ್ಯವಾಗಿ ಬಾರಿನ ಬುಡದಲ್ಲಿ ಇವನ್ನು ಒತ್ತಿರುತ್ತಾರೆ. ಸವೆದು ಕಾಣದಿದ್ದರೆ ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟುಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿರಿ, ಅದೇ ಪಿಚ್. ಅಳತೆ ಸುಮಾರು 19 ಮಿ.ಮೀ. ಬಂದರೆ 3/8 ಅಂಗುಲದ್ದು, 16.5 ಬಂದರೆ 0.325 ಅಂಗುಲದ್ದು. 3/8ರಲ್ಲಿಯೇ ಸಣ್ಣ ಯಂತ್ರಗಳ ತಗ್ಗು ಚೈನ್ ಬೇರೆ, ದೊಡ್ಡವುಗಳ ಎತ್ತರದ ಚೈನ್ ಬೇರೆ. ಹೆಸರು ಒಂದೇ ಎಂದು ಒಂದರ ಹಲ್ಲುಚಕ್ರಕ್ಕೆ ಇನ್ನೊಂದನ್ನು ಹಾಕಬಾರದು. ಗೇಜ್ ಎಂದರೆ ಚಾಲಕ ಕೊಂಡಿಯ ದಪ್ಪ: 1.1, 1.3, 1.5 ಅಥವಾ 1.6 ಮಿ.ಮೀ. ದಪ್ಪ ಹೆಚ್ಚಾದರೆ ಬಾರಿನ ಗಾಡಿಗೆ ಇಳಿಯುವುದಿಲ್ಲ. ಕಡಿಮೆಯಾದರೆ ಚೈನ್ ವಾಲಾಡಿ ಕೊಯ್ತ ಓರೆಯಾಗುತ್ತದೆ.

ಉದ್ದದ ಬಾರ್ ಮೇಲೆಂಬ ಭಾವನೆ ನಮ್ಮಲ್ಲಿದೆ. ಇದು ಸರಿಯಲ್ಲ. 35ರಿಂದ 45 ಸಿ.ಸಿ. ಯಂತ್ರಕ್ಕೆ 14 ಅಥವಾ 16 ಅಂಗುಲ ಸಾಕು. ಒಲೆಯ ಸೌದೆ ಅದಕ್ಕಿಂತ ದಪ್ಪ ಇರುವುದು ಅಪರೂಪ. ಉದ್ದ ಹೆಚ್ಚಿದಂತೆ ಇಂಜಿನಿನ ಮೇಲಿನ ಹೊರೆ ಹೆಚ್ಚುತ್ತದೆ, ತುದಿಯ ಮೇಲಿನ ಹಿಡಿತ ತಪ್ಪುತ್ತದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕ್ಷಣದಲ್ಲಿ ಹಿಂದಕ್ಕೆ, ಮುಖದತ್ತ ಚಿಮ್ಮುತ್ತದೆ. ಆದ್ದರಿಂದ ಹೊಸಬರಿಗೆ ಹಿಂದಕ್ಕೆ ಚಿಮ್ಮುವಿಕೆ ಕಡಿಮೆಯಿರುವ ಚೈನನ್ನೇ ಕೇಳಿ ಪಡೆಯುವುದು ಲೇಸು.

ಹಲ್ಲಿನ ಆಕಾರವನ್ನೂ ನೋಡಬೇಕು. ಚೌಕ ಮೂಲೆಯ ಹಲ್ಲು ಸ್ವಚ್ಛ ಹಸಿ ಮರವನ್ನು ಬೇಗ ಕೊಯ್ಯುತ್ತದೆ, ಆದರೆ ಮಣ್ಣು ತಾಗಿದೊಡನೆ ಮೊಂಡಾಗುತ್ತದೆ. ನಮ್ಮ ಸೌದೆ ನೆಲದ ಮೇಲೆ ಎಳೆದು ತಂದದ್ದು, ಗೆದ್ದಲು ಮಣ್ಣು ಮೆತ್ತಿದ್ದು. ಇದಕ್ಕೆ ಮೂಲೆ ದುಂಡಾದ ಹಲ್ಲೇ ಯೋಗ್ಯ. ವೇಗ ಸ್ವಲ್ಪ ಕಡಿಮೆ, ಆದರೆ ಅರ ಹಾಕುವ ಸರದಿ ತಡವಾಗಿ ಬರುತ್ತದೆ. ತಗ್ಗು 3/8ಕ್ಕೆ 4.0 ಮಿ.ಮೀ., 0.325ಕ್ಕೆ 4.8 ಮಿ.ಮೀ. ದುಂಡು ಅರ ರೂಢಿಯಲ್ಲಿದೆ.

ಬಾರ್ ನಿಜವಾಗಿ ಹಾಳಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿರಿ. ಅಂಚಿನಲ್ಲಿ ಎದ್ದ ಮುಳ್ಳುಗಳನ್ನು ಚಪ್ಪಟೆ ಅರದಿಂದ ಉಜ್ಜಿ ತೆಗೆಯಬಹುದು. ಗಾಡಿಯಲ್ಲಿ ಚೈನ್ ಪಕ್ಕಕ್ಕೆ ಒರಗುತ್ತಿದ್ದರೆ, ಕೊಂಡಿಗಳು ಗಾಡಿಯ ತಳ ಮುಟ್ಟುತ್ತಿದ್ದರೆ ಬಾರನ್ನು ಬದಲಿಸಲೇಬೇಕು. ಪ್ರತಿ ಹೊಸ ಚೈನಿನೊಡನೆ ಬಾರನ್ನು ತಿರುವಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಎರಡು ಚೈನ್ ಸವೆದ ಮೇಲೆ ಹಲ್ಲುಚಕ್ರವನ್ನೂ ಬದಲಿಸಿರಿ. ಸವೆದ ಚಕ್ರ ಹೊಸ ಚೈನನ್ನು ಬೇಗನೆ ಕೆಡಿಸುತ್ತದೆ.

ಹೊಸ ಚೈನನ್ನು ಎಣ್ಣೆಯಲ್ಲಿ ನೆನೆಸಿ ಹಾಕಿರಿ. ಮೊದಲ ಕೆಲವು ಕೊಯ್ತಗಳ ನಂತರ ಅದು ಸಡಿಲವಾಗುವುದು ಸಹಜ. ಇಂಜಿನ್ ನಿಲ್ಲಿಸಿ, ತಣಿದ ಮೇಲೆ, ಬಾರಿನ ಅಡಿಗೆ ತಾಗುವಷ್ಟು ಮತ್ತು ಕೈಯಿಂದ ಎಳೆದರೆ ಸರಾಗವಾಗಿ ಸರಿಯುವಷ್ಟು ಬಿಗಿಗೊಳಿಸಿರಿ.